ಯಾರ ಕೈಯ ಅಳತೆ

ಅವರ ಬಲಗೈಯ ಅಂಚು, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ, ಯಾವಾಗಲೂ ಹಳದಿಯಾಗಿರುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅದನ್ನು ಅರಿಶಿನ ಎಂದುಕೊಂಡಿದ್ದೆ. ಬೆಳಗ್ಗೆ ಹೊಸಿಲು ತೊಳೆದು ಅರಿಶಿನ ಹಚ್ಚಿ, ಬಸ್ಸಿಗೆ ಹೊತ್ತಾಯಿತೆಂದು ಕೈ ತೊಳೆಯದೆ ಬರುತ್ತಾರೇನೋ ಎಂದು. ಅದು ಪೆನ್ಸಿಲಿನ ಬಣ್ಣ. ಡ್ರಾಯಿಂಗಿನ ಒಂದೊಂದು ಅಳತೆಯನ್ನೂ ಲೆಕ್ಕ ಹಾಕಿ ನೋಡಿ, ಸರಿಯಿದ್ದರೆ ಅದರ ಮೇಲೆ ಹಳದಿ ಪೆನ್ಸಿಲು ಎಳೆಯುತ್ತಿದ್ದರು. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದರು. ಹಾಳೆಯ ಮೇಲೆ ಕೈಯೂರಿ ಎಡದಿಂದ ಬಲಕ್ಕೆ ಸಾಗುವಾಗ ತಾವೇ ಎಳೆದ ಹಳದಿ ಅವರ ಕೈಗೆ ಹತ್ತುತ್ತಿತ್ತು. ಕೈ ಹೆಚ್ಚು ಹಳದಿಯಾದ ದಿನ ಆಫೀಸಿನಲ್ಲಿ ನಾವೆಲ್ಲ ನೆಮ್ಮದಿಯಾಗಿರುತ್ತಿದ್ದೆವು.

ಹೊಸೂರಿನ ಕೈಗಾರಿಕಾ ಪ್ರದೇಶದಲ್ಲಿ ರೈತರಿಗೆ ಬೇಕಾದ ಸಣ್ಣ ಯಂತ್ರಗಳನ್ನು ಮಾಡುವ ಕಾರ್ಖಾನೆ ನಮ್ಮದು. ಅಲ್ಲಿ ಡ್ರಾಯಿಂಗುಗಳನ್ನು ಚೆಕ್ ಮಾಡುವುದು ಅವರ ಕೆಲಸ. ಆಫೀಸಿನವರು ಮೇಡಂ ಎನ್ನುತ್ತಿದ್ದೆವು. ಶೆಡ್ಡಿನಲ್ಲಿ ಕೆಲಸ ಮಾಡುವವರು ಬೆನ್ನ ಹಿಂದೆ ‘ರೆಡ್ ಇಂಕ್ ಅಮ್ಮ’ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಒಮ್ಮೆ ಕೆಂಪು ಪೆನ್ನು ಮುಗಿದಾಗ ಶೆಡ್ಡಿನ ಬಾಗಿಲಲ್ಲಿ ನಿಂತು, “ಯಾರಾದ್ರೂ ಅಂಗಡಿ ಕಡೆ ಹೋದ್ರೆ ನನ್ನ ಹೆಸರಿಂದು ಒಂದು ಪೆನ್ನು ತಗೊಂಡ್ಬನ್ನಿ” ಎಂದರು. ಒಳಗೆ ವೆಲ್ಡಿಂಗ್ ಮಾಡುತ್ತಿದ್ದವರೂ ಮುಖದ ಕವಚ ಎತ್ತಿ ನಕ್ಕರು.

ಅವರದು ಹೊಸೂರಿನ ಹಳೇ ಕುಟುಂಬ. ತಂದೆ ಕನ್ನಡ ಶಾಲೆಯ ಮೇಷ್ಟ್ರಾಗಿದ್ದವರು. ಮೇಡಂ ಅದೇ ಶಾಲೆಯಲ್ಲಿ ಓದಿ, ಮುಂದೆ ಪಾಲಿಟೆಕ್ನಿಕ್ ಸೇರಿದಾಗ ಅಲ್ಲಿ ಎಲ್ಲವೂ ತಮಿಳು ಮತ್ತು ಇಂಗ್ಲಿಷು. ಆದ್ದರಿಂದ ಅವರು ಲೆಕ್ಕವನ್ನು ತಮಿಳಿನಲ್ಲಿ ಹಾಕುತ್ತಿದ್ದರು, ಹೂವಿನವಳ ಹತ್ತಿರ ತೆಲುಗಿನಲ್ಲಿ ಚೌಕಾಸಿ ಮಾಡುತ್ತಿದ್ದರು, ಬೈಯುವುದನ್ನು ಮಾತ್ರ ಕನ್ನಡದಲ್ಲಿ ಬೈಯುತ್ತಿದ್ದರು. ಮದುವೆಯಾಗಿರಲಿಲ್ಲ. ತಮ್ಮನ ಸಂಸಾರದ ಜೊತೆ ಹಳೇ ಊರಿನಲ್ಲಿ ಇದ್ದರು. ಡಿಸೆಂಬರಿನ ಚಳಿಯಲ್ಲಿ ಸ್ವೆಟರಿನ ತೋಳನ್ನು ಮೊಣಕೈಯವರೆಗೆ ಮಡಚಿಕೊಂಡೇ ಕೂರುತ್ತಿದ್ದರು, ಉಣ್ಣೆ ಹಾಳೆಯನ್ನು ಉಜ್ಜಬಾರದೆಂದು. ಮೇಜಿನ ಮೇಲೆ ಟೀ ಲೋಟ ಬಂದದ್ದನ್ನು ನಾನು ಕಂಡಿಲ್ಲ. ಹಿಂಬಾಗಿಲಿಗೆ ಹೋಗಿ, ನಿಂತು, ಕುಡಿದು, ಕೈ ತೊಳೆದು ಬರುತ್ತಿದ್ದರು.

ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವುದು ಅವರಿಗೆ ನಮ್ಮಷ್ಟೇ ಚೆನ್ನಾಗಿ ಬರುತ್ತಿತ್ತು. ಆದರೂ ಚೆಕ್ ಮಾಡುವಾಗ ಕಾಗದದ ಮೇಲೆ ಪ್ರಿಂಟ್ ತೆಗೆಸುತ್ತಿದ್ದರು. “ಸ್ಕ್ರೀನ್ ಮೇಲೆ ಸೊಳ್ಳೇನೂ ಆನೆ, ಆನೇನೂ ಸೊಳ್ಳೆ” ಎನ್ನುತ್ತಿದ್ದರು. ಹಿಗ್ಗಿಸಿ ಕುಗ್ಗಿಸಿ ನೋಡುತ್ತಾ ಕೂತರೆ, ಆ ವಸ್ತು ನಿಜಕ್ಕೂ ಎಷ್ಟು ದೊಡ್ಡದು ಎಂಬುದು ಮರೆತುಹೋಗುತ್ತದೆ ಎಂಬುದು ಅವರ ವಾದ.

ಅವರು ತಂದ ಒಂದು ಪದ್ಧತಿ ನಮ್ಮಲ್ಲಿ ಈಗಲೂ ಇದೆ. ಅದಕ್ಕೆ ‘ಓದಿಸೋದು’ ಎಂದು ಹೆಸರು. ಹೊಸ ಡ್ರಾಯಿಂಗನ್ನು ಶೆಡ್ಡಿಗೆ ಕೊಡುವ ಮುಂಚೆ, ಅದನ್ನು ಹಿಂದೆ ನೋಡಿರದ ಒಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಬೇಕು. ಓದುವವರು ತಮಿಳಲ್ಲಿ ಓದಲಿ, ತೆಲುಗಲ್ಲಿ ಓದಲಿ, ಯಾವ ತಗಡು, ಎಲ್ಲಿ ಮಡಿಕೆ, ಎಲ್ಲಿ ತೂತು ಎಂದು ಹೇಳುತ್ತಾ ಹೋಗಬೇಕು. ಬರೆದವರು ಪಕ್ಕದಲ್ಲೇ ನಿಂತಿರಬೇಕು, ಆದರೆ ಬಾಯಿ ತೆಗೆಯಬಾರದು. ತೆಗೆದರೆ ಎಲ್ಲರಿಗೂ ವಡೆ ತರಿಸಬೇಕು. “ಕಾಗದ ಜೂಜುವಾಡೀಲಿರೋ ಇನ್ನೊಂದು ಶೆಡ್ಡಿಗೆ ಹೋಗುತ್ತೆ. ನೀನೂ ಅದರ ಹಿಂದೆ ಬಸ್ ಹತ್ತಿ ಹೋಗ್ತೀಯಾ, ಅರ್ಥ ಹೇಳೋಕೆ?” ಎಂದು ಕೇಳುತ್ತಿದ್ದರು.

ನನ್ನ ಮೊದಲ ಡ್ರಾಯಿಂಗನ್ನು ಓದಿದವರು ನಮ್ಮ ಮೇಸ್ತ್ರಿ. ತಗಡಿನ ಕೆಲಸದಲ್ಲಿ ತಲೆ ನರೆತವರು. ಓದುತ್ತಾ ಬಂದು ಒಂದು ತೂತಿನ ಹತ್ತಿರ ನಿಂತರು. “ಇಂದ ಮೂಲೈ ಎಂಗ ಇರುಕ್ಕು?” ಎಂದರು, ಈ ಮೂಲೆ ಎಲ್ಲಿದೆ ಎಂದು. ನಾನು ತಡೆಯಲಾರದೆ, “ಅಲ್ಲೇ ಇದೆಯಲ್ಲಣ್ಣ, ಎರಡು ಗೆರೆ ಸೇರೋ ಕಡೆ” ಎಂದುಬಿಟ್ಟೆ.

“ವಡೆ” ಎಂದರು ಮೇಡಂ.

ಆಮೇಲೆ ಒಂದು ಮಡಚಿದ ತಗಡು ತಂದು ನನ್ನ ಕೈಗೆ ಕೊಟ್ಟು, ಆ ಎರಡು ಗೆರೆ ಸೇರುವ ಜಾಗವನ್ನು ಮುಟ್ಟಿ ತೋರಿಸು ಎಂದರು. ತಗಡು ಮಡಚಿದ ಕಡೆ ದುಂಡಗಿತ್ತು. ನಾನು ಅಳತೆ ಕೊಟ್ಟಿದ್ದ ಮೂಲೆ ಕಾಗದದ ಮೇಲೆ ಮಾತ್ರ ಇತ್ತು. “ಇಲ್ಲದ ಮೂಲೆಯಿಂದ ಅಳತೆ ಕೊಡಬೇಡ ಕಣೇ. ಪಾಪ, ಅವರು ಎಲ್ಲಿ ಟೇಪು ಹಿಡೀಬೇಕು?” ಎಂದರು. ಬೈಗುಳ ಅಷ್ಟೇ. ವಡೆ ಅವರೂ ಎರಡು ತಿಂದರು.

ನಾಲ್ಕು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತೆ. ಆಮೇಲೆ ಮೇವಿನ ಯಂತ್ರ ಬಂತು.

ಎರಡು ಮೂರು ಹಸು ಕಟ್ಟಿದವರಿಗೆಂದು, ಮನೆಯ ಕರೆಂಟಿನಲ್ಲೇ ಓಡುವ, ಮೇವು ಕತ್ತರಿಸುವ ಸಣ್ಣ ಯಂತ್ರ. ನಮ್ಮ ಕಾರ್ಖಾನೆಗೆ ಅದು ಹೊಸದು. ಜೋಡಣೆಯ ಡ್ರಾಯಿಂಗು, ಬಿಡಿಭಾಗಗಳ ಡ್ರಾಯಿಂಗುಗಳು, ಭಾಗಗಳ ಪಟ್ಟಿ, ಯಾವ ಕೆಲಸದ ನಂತರ ಯಾವ ಕೆಲಸ ಎಂಬ ಹಾಳೆ, ಮಾಡಿದ್ದನ್ನು ಅಳೆದು ನೋಡುವ ಹಾಳೆ, ಕೊಂಡವರಿಗೆ ಕೊಡುವ ಮೂರು ಭಾಷೆಯ ಚಿತ್ರದ ಪುಸ್ತಕ, ಇಷ್ಟನ್ನೂ ಸಿದ್ಧ ಮಾಡುವುದು ನನ್ನ ಪಾಲಿಗೆ ಬಂತು. ತೊರಪಲ್ಲಿ ಅಗ್ರಹಾರದ ಪಕ್ಕದ ನಮ್ಮ ಮನೆಯಲ್ಲೂ ಹಸುಗಳಿದ್ದವು. ಆದರೆ ನಮ್ಮಮ್ಮ ಮೇವನ್ನು ಕುಡುಗೋಲಿನಲ್ಲೇ ಕತ್ತರಿಸುತ್ತಿದ್ದರು. ಯಂತ್ರವನ್ನು ನಾನು ನೋಡಿದ್ದು ಅಂಗಡಿಗಳಲ್ಲಿ, ನಾಲ್ಕು ಕಾಲಿನ ಮೇಲೆ ನಿಲ್ಲಿಸಿಟ್ಟಂತೆ.

ಮೇವು ಹಾಕುವ ತಗಡಿನ ದೋಣಿಯಂಥ ಭಾಗವನ್ನು ನಾವು ಬಾಯಿ ಎನ್ನುತ್ತಿದ್ದೆವು. ಮೇಲೂ ತಗಡು ಮುಚ್ಚಿದ ಕೊಳವೆ ಅದು. ಅದರ ಕೊನೆಯಲ್ಲಿ ಹಲ್ಲಿರುವ ಎರಡು ರೋಲರುಗಳು ಮೇವನ್ನು ಕಚ್ಚಿ ಒಳಕ್ಕೆ ಎಳೆಯುತ್ತವೆ. ಅದರಾಚೆ ಬ್ಲೇಡು. ರೋಲರು ಕಡ್ಡಿ ಯಾವುದು, ಬೆರಳು ಯಾವುದು ಎಂದು ನೋಡುವುದಿಲ್ಲ. ಬಾಯಿ ಎಷ್ಟು ಉದ್ದವೋ ಕೈಗೂ ರೋಲರಿಗೂ ಅಷ್ಟು ದೂರ. ನಾನು ಅದಕ್ಕೆ ಆರುನೂರು ಮಿಲಿಮೀಟರ್ ಕೊಟ್ಟಿದ್ದೆ.

ಆ ಹಾಳೆ ಮೇಡಂ ಮೇಜಿನಿಂದ ಹಿಂದಕ್ಕೆ ಬಂದಾಗ ಎಲ್ಲ ಅಳತೆಯ ಮೇಲೂ ಹಳದಿ ಇತ್ತು. ಆರುನೂರರ ಮೇಲೆ ಹಳದಿಯೂ ಇಲ್ಲ, ಕೆಂಪು ಸುತ್ತೂ ಇಲ್ಲ. ಪಕ್ಕದಲ್ಲಿ ‘ಯಾರ ಕೈ?’ ಎಂದು ಬರೆದಿದ್ದರು.

ನಾನು ನನ್ನ ಲೆಕ್ಕ ತೋರಿಸಿದೆ. ಯಂತ್ರದ ಬಾಯಿ ನಿಂತವರ ಸೊಂಟದ ಎತ್ತರಕ್ಕಿದೆ, ಭುಜ ಅದಕ್ಕಿಂತ ಮೇಲಿದೆ, ಬಗ್ಗಿದರೂ ತೋಳು ಇಷ್ಟೇ ಒಳಗೆ ಹೋಗುತ್ತದೆ ಎಂದೆ. ಅವರು ಪೂರ್ತಿ ನೋಡಿದರು. “ಲೆಕ್ಕ ಸರಿ. ನಿಂತ್ಕೊಂಡಿರೋರನ್ನ ಎಲ್ಲಿ ನೋಡಿದೆ?” ಎಂದರು. ನಾನು ಲೆಕ್ಕದ ಹಾಳೆ ಮಡಚಿಕೊಂಡೆ. “ನೋಡ್ಕೊಂಡು ಬರೋಣ ನಡಿ” ಎಂದರು.

ಅಂಚೆಟ್ಟಿ ಕಡೆಯ ಒಂದು ಹಳ್ಳಿಯಲ್ಲಿ ಮೇಸ್ತ್ರಿಗೆ ಪರಿಚಯದ ಮನೆಯಿತ್ತು. ಬಸ್ಸಿಳಿದು ಗುಡ್ಡದ ದಾರಿಯಲ್ಲಿ ಬಹಳ ದೂರ ನಡೆಯಬೇಕು. ಮೇಡಂ ಸೀರೆಯ ಕೆಳಗೆ ಕಾರ್ಖಾನೆಯ ಬೂಟು ಹಾಕಿಕೊಂಡು ಬಂದಿದ್ದರು. ದಾರಿಯಲ್ಲಿ ಎದುರಾದ ಹೆಂಗಸರು ಮೊದಲು ಬೂಟು ನೋಡಿ, ಆಮೇಲೆ ಮುಖ ನೋಡುತ್ತಿದ್ದರು.

ಆ ಮನೆಯ ಯಜಮಾನಿ ಐವತ್ತರ ಆಸುಪಾಸಿನವರು, ಎತ್ತರದ ಆಳು, ಉದ್ದ ತೋಳು. ನಾನು ಅಕ್ಕ ಎಂದು ಕರೆದೆ. ಹಿತ್ತಲಿಗೆ ಕರೆದುಕೊಂಡು ಹೋಗಿ ತಮ್ಮ ಯಂತ್ರ ತೋರಿಸಿದರು. ಅದು ಬೇರೆ ಯಾರೋ ಮಾಡಿದ್ದು. ಅದರ ನಾಲ್ಕು ಕಾಲುಗಳೂ ಒಂದು ಮೊಳ ಮಣ್ಣಿನೊಳಗೆ ಹೂತುಹೋಗಿದ್ದವು. ಎದುರಿಗೆ ಒಂದು ಚಪ್ಪಡಿ ಕಲ್ಲು. ಕೂತು ಕೂತು ನುಣುಪಾಗಿತ್ತು.

“ಕಾಲು ಯಾಕಮ್ಮ ಹೂತಿದ್ದೀರಿ?” ಎಂದು ಮೇಡಂ ಕೇಳಿದರು.

“ಊಣ್ದಿದ್ರೆ ಕುಣೀತೈತೆ ಕಣಮ್ಮ, ಕೋಲಾಟ ಆಡ್ದಂಗೆ. ಹಸ ಬೆದ್ರಿ ಹಗ್ಗ ಕಿತ್ಕಂಡ್ ಓಡೋಯ್ತದೆ.”

“ನಿಂತ್ಕೊಂಡು ಮೇವು ಹಾಕಲ್ವಾ?”

“ನಿಂತ್ಕಂಡ್ ಯಾರ್ ಆಕ್ತಾರೆ? ಒತ್ತಾರೆಯಿಂದ ನಿಂತೇ ಇರ್ತೀವಿ. ಕುಂತ್ಕಂಡ್ ಮಾಡಾ ಕೆಲ್ಸ ಅಂತ ಇರಾದೇ ಇದೊಂದು. ಇದುನ್ನೂ ಕಿತ್ಕಬ್ಯಾಡಿ.”

ಮೇಡಂ ನಕ್ಕರು. ಕೈ ಒಳಗೆ ಹಾಕುತ್ತೀರಾ ಎಂದು ಕೇಳಿದರು.

“ಹಸಿ ಕಡ್ಡಿ ತಡೀತೈತಲ್ಲ, ತಳ್ಬೇಕು.”

“ನಿಲ್ಲಿಸಿ ತಳ್ತೀರಾ?”

“ಎದ್ದೋಗಿ ಸ್ವಿಚ್ ಆರ್ಸಿ, ಬಂದು ಕುಂತು ತಳ್ಳಿ, ತಿರ್ಗಾ ಎದ್ದೋಗಿ ಹಾಕಿ... ಅಷ್ಟೊತ್ಗೆ ಹಾಲ್ ಕರೆಯಾ ಒತ್ತಾಗ್ಬುಡ್ತದೆ.” ಹೀಗೆಂದು ಅಕ್ಕ, ನಾವು ಕೇಳದೆಯೇ ಹೇಳಿದರು: “ಆಚೆ ಕೊಪ್ಪಲಾಗೆ ಒಬ್ಬೋಳ್ಗೆ ಮೂರ್ ಬೆಳ್ಳು ಓಯ್ತು. ಎಡ್ಗೈ. ಪುಣ್ಯ.”

ಮೇಡಂ ಗೋಡೆಯಿಂದ ಪ್ಲಗ್ಗು ಕಿತ್ತು ತಂದು ನನ್ನ ಕೈಗೆ ಕೊಟ್ಟರು. “ಹಿಡ್ಕೊಂಡಿರು. ನಾನು ಎದ್ದು ನಿಲ್ಲೋವರೆಗೂ ಬಿಡಬೇಡ.” ಆ ಕಲ್ಲಿನ ಮೇಲೆ ಕೂತರು. ಈಗ ಯಂತ್ರದ ಬಾಯಿ ಅವರ ಎದೆಯ ಮಟ್ಟಕ್ಕಿತ್ತು. ಭುಜ ಬಗ್ಗಿಸುವ ಅಗತ್ಯವೇ ಇರಲಿಲ್ಲ. ತೋಳು ನೇರವಾಗಿ, ಪೂರ್ತಿ, ಒಳಕ್ಕೆ ಹೋಯಿತು.

“ಮುಟ್ಟಿತು” ಎಂದರು.

ಆಮೇಲೆ ನನ್ನನ್ನೂ ಕೂರಿಸಿದರು. ಬೆರಳ ತುದಿಗೆ ರೋಲರಿನ ಹಲ್ಲು ತಣ್ಣಗೆ ತಗುಲಿತು. ಆ ಯಂತ್ರದ ಬಾಯಿ ಅಳೆದೆವು. ಹೆಚ್ಚು ಕಡಿಮೆ ನನ್ನ ಆರುನೂರೇ.

ಚೀಲದಿಂದ ದರ್ಜಿಯ ಟೇಪು ತೆಗೆದು ಮೇಡಂ ಅಕ್ಕನ ತೋಳು ಅಳೆಯಹೋದಾಗ ಅವರು, “ಏನಮ್ಮ, ರವಿಕೆ ಒಲಿಸ್ಕೊಡ್ತೀರಾ?” ಎಂದರು. “ಹೊಲಿಸೋಣಂತೆ, ಮೊದ್ಲು ತೋಳು ಚಾಚಿ” ಎಂದರು ಮೇಡಂ. ಆ ಊರಿನ ಇನ್ನೂ ಕೆಲವು ಮನೆಗಳಿಗೆ ಹೋದೆವು. ಒಂದು ಕಡೆ ಕಾಲು ಹೂತಿದ್ದರು, ಇನ್ನೊಂದು ಕಡೆ ಕಾಲನ್ನು ಗರಗಸದಲ್ಲಿ ಕೊಯ್ದು ಇಟ್ಟಿಗೆಯ ಮೇಲೆ ಕೂರಿಸಿದ್ದರು. ನಿಂತು ಮೇವು ಹಾಕುವವರು ಒಬ್ಬರೂ ಸಿಗಲಿಲ್ಲ. ಎಲ್ಲರ ತೋಳನ್ನೂ ಅಳೆದೆವು.

ವಾಪಸು ಬರುವಾಗ ಬಸ್ಸು ದೆಂಕಣಿಕೋಟೆ ದಾಟಿದ ಮೇಲೆ ಅವರು, “ನಾವು ನಿಂತಿರೋ ಮನುಷ್ಯನಿಗೆ ಯಂತ್ರ ಬರೆದಿದ್ದೀವಿ. ಅಂಥ ಮನುಷ್ಯ ಅಲ್ಲಿ ಇಲ್ಲ” ಎಂದರು. ಬಾಯಿ ಒಂಬೈನೂರು ಆಗಬೇಕು ಎಂದು ಅಲ್ಲೇ ಲೆಕ್ಕ ಮಾಡಿದೆವು. ಅಷ್ಟಾದರೆ ಅಳೆದ ಯಾವ ತೋಳೂ, ಭುಜ ಒತ್ತಿದರೂ, ರೋಲರನ್ನು ಮುಟ್ಟುವುದಿಲ್ಲ.

ನಮ್ಮ ಯಜಮಾನರು ಕೆಟ್ಟವರಲ್ಲ. ಲೇತ್ ಮೆಷಿನ್ನಿನ ಮುಂದೆ ನಿಂತು ಮೇಲೆ ಬಂದವರು. ಅವರು ಮೇಡಂ ಹೇಳಿದ್ದನ್ನೆಲ್ಲ ಕೇಳಿ, ಆಮೇಲೆ ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

“ಮೇಡಂ, ಆ ಕಾಡ ಕಡೆ ಜನ ಇದನ್ನ ಯಾವುದ್ರಲ್ಲಿ ತಗೊಂಡ್ಹೋಗ್ತಾರೆ? ಬಸ್ಸಲ್ಲಿ. ಕೆಳಗೆ ನಾಲ್ಕು ಕಾಲು, ಮುಂದೆ ಒಂಬೈನೂರು ಬಾಯಿ. ಕಂಡಕ್ಟರ್ ಹತ್ತಿಸ್ತಾನಾ? ಹತ್ತಿಸಲ್ಲ. ಆಗ ಅವರು ಪಕ್ಕದ ಅಂಗಡೀಲಿ ಗಿಡ್ಡ ಬಾಯಿದು ತಗೊಂಡ್ಹೋಗ್ತಾರೆ. ಆವಾಗ ಅವರ ಕೈನ ನೀವು ಕಾಯ್ತೀರಾ, ನಾನು ಕಾಯ್ತೀನಾ?”

ಮೇಡಂ ಒಂಬೈನೂರರ ಲೆಕ್ಕವನ್ನು ಮತ್ತೊಮ್ಮೆ ನೋಡಿದರು.

“ಬಾಯಿಗೆ ಬೋಲ್ಟ್ ಹಾಕಿ ಬಿಚ್ಚೋ ಥರ ಮಾಡೋಣ” ಎಂದರು ಯಜಮಾನರು.

“ಬಿಚ್ಚೋ ಥರ ಮಾಡಿದ್ರೆ ಬಿಚ್ಚೇ ಇಟ್ಟಿರ್ತಾರೆ ಸಾರ್.”

“ಸರಿ, ಆರುನೂರೇ ಇರಲಿ, ಎಚ್ಚರಿಕೆ ಚೀಟಿ ಅಂಟಿಸೋಣ. ಮೂರು ಭಾಷೇಲಿ.”

“ಅಂಟಿಸಿ. ಮೇವು ತಡೆದಾಗ ಚೀಟಿ ಓದೋರನ್ನ ನಾನು ಕಾಣೆ. ಆರುನೂರಕ್ಕೆ ನಾನು ಸೈನ್ ಹಾಕಲ್ಲ.”

ಪ್ರತಿ ಡ್ರಾಯಿಂಗಿನ ಬಲಗಡೆ ಕೆಳಮೂಲೆಯಲ್ಲಿ ಮೂರು ಚೌಕಗಳಿರುತ್ತವೆ. ಬರೆದವರು, ಚೆಕ್ ಮಾಡಿದವರು, ಒಪ್ಪಿಗೆ ಕೊಟ್ಟವರು. ಮೂರೂ ತುಂಬದೆ ಡ್ರಾಯಿಂಗು ಹೊರಗೆ ಹೋಗುವಂತಿಲ್ಲ. ಬರೆದವರೇ ಚೆಕ್ ಮಾಡುವಂತಿಲ್ಲ. ಇದನ್ನು ನಮ್ಮಲ್ಲಿ ಗಟ್ಟಿ ಮಾಡಿದವರು ಮೇಡಂ. ಯಜಮಾನರು, “ನಿಮ್ಮ ಸೈನ್ ಇಲ್ದೆ ನಾನೂ ಕಳಿಸಲ್ಲ. ಆದ್ರೆ ಡೈ ಮಾಡೋರು ತಿಂಗಳ ಕೊನೆವರೆಗೆ ಕಾಯ್ತಾರೆ, ಆಮೇಲೆ ಬೇರೆ ಕೆಲಸ ಹಿಡೀತಾರೆ. ಯೋಚನೆ ಮಾಡಿ” ಎಂದು ಎದ್ದರು. ಡೈ ಎಂದರೆ ತಗಡನ್ನು ಒತ್ತಿ ಆಕಾರ ಕೊಡುವ ಅಚ್ಚು. ಅದು ಒಮ್ಮೆ ತಯಾರಾದರೆ ಬಾಯಿಯ ಉದ್ದ ಮತ್ತೆ ಬದಲಾಗುವುದಿಲ್ಲ.

ಆ ತಿಂಗಳ ನಡುವೆ ಮೇಡಂ ಕೆಲಸಕ್ಕೆ ಬರುವುದು ನಿಂತಿತು. ಮೊದಲು ಹೊಟ್ಟೆನೋವು ಎಂದರು. ಮುಂಚಿನಿಂದಲೇ ಸೊರಗುತ್ತಿದ್ದರು, ನಾವು ಗಮನಿಸಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಗಡ್ಡೆ ಎಂದರು, ಕೊಯ್ಯುವ ಹಂತ ದಾಟಿದೆ ಎಂದರು. ಅವರನ್ನು ಮನೆಗೇ ಕರೆತಂದರು.

ತಿಂಗಳ ಕೊನೆ ಹತ್ತಿರ ಬಂದಾಗ ಯಜಮಾನರು ನನ್ನನ್ನು ಕರೆಸಿದರು. “ಚೆಕ್ ಮಾಡಿದವರು ಅನ್ನೋ ಕಡೆ ನೀನೇ ಹಾಕಮ್ಮ. ನಾಲ್ಕು ವರ್ಷ ಅವರ ಪಕ್ಕ ಕೂತಿದ್ದೀಯ. ಆರುನೂರಕ್ಕೇ ಹಾಕು. ಮುಂದೆ ನೋಡೋಣ” ಎಂದರು.

“ಬರೆದಿದ್ದೂ ನಾನೇ ಸಾರ್.”

ಅವರು ಮೇಜಿನ ಮೇಲಿನ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, “ಹಾಗಾದ್ರೆ ಹೋಗಿ ಅವರನ್ನೇ ಒಂದ್ಸಲ ಕೇಳ್ಕೊಂಡ್ ಬಾ” ಎಂದರು.

ಮನೆಯ ಮುಂದಿನ ಕೋಣೆಯಲ್ಲಿ, ಬೀದಿಯ ಕಿಟಕಿಯ ಕೆಳಗೆ ಅವರಿಗೆ ಮಂಚ ಹಾಕಿದ್ದರು. ತಮ್ಮನ ಹೆಂಡತಿ ನನಗೆ ಕುರ್ಚಿ ಕೊಟ್ಟು ಒಳಗೆ ಹೋದರು. ಮೇಡಂ ಕೈ ಬಿಳಿಚಿಕೊಂಡಿತ್ತು. ನಾನು ಸುರುಳಿ ಬಿಚ್ಚಿ ಹಾಳೆಯನ್ನು ಅವರ ಮುಂದೆ ಹಿಡಿದೆ. ಅವರು ನೋಡಿ ಕಣ್ಣು ಮುಚ್ಚಿದರು.

“ಗೆರೆ ನಿಲ್ತಾ ಇಲ್ಲ. ಓದು.”

“ನಾನಾ ಮೇ‍ಡಂ? ಬರೆದೋರು ಬಾಯಿ ತೆಗೀಬಾರ್ದಲ್ಲ.”

“ವಡೆ ತರಿಸೀಯಂತೆ, ಓದು.”

ನಾನು ಓದಿದೆ. ಬಾಡಿ ಎಂದರೆ ಯಂತ್ರದ ಒಡಲು, ತಗಡಿನ ದಪ್ಪ, ಮಡಿಕೆ, ಬೋಲ್ಟಿನ ತೂತುಗಳು. ಬೀದಿಯಲ್ಲಿ ಗಾಡಿ ಹೋದಾಗ ನಿಲ್ಲಿಸಿ, ಅದು ಹೋದ ಮೇಲೆ ಮತ್ತೆ ಓದಿದೆ. ಬಾಯಿಯ ಹತ್ತಿರ ಬಂದಾಗ ಹಾಳೆಯಲ್ಲಿದ್ದಂತೆ ಆರುನೂರು ಎಂದೇ ಓದಿದೆ. ಅವರು ಕಣ್ಣು ತೆರೆಯಲಿಲ್ಲ. ನಿದ್ದೆ ಹೋದರೇನೋ ಎಂದುಕೊಂಡೆ. ಕೊನೆಗೆ, “ಕಾಲು ನಾಲ್ಕು, ಬಾಡಿಯ ಅಡಿಗೆ ವೆಲ್ಡ್” ಎಂದು ಓದಿದಾಗ, “ನಿಲ್ಲು” ಎಂದರು.

“ಕಾಲು ಯಾಕೆ ವೆಲ್ಡು?”

ಎಲ್ಲ ಯಂತ್ರಕ್ಕೂ ಕಾಲು ವೆಲ್ಡ್ ಮಾಡುತ್ತಿದ್ದೆವು, ಅದಕ್ಕೂ ಬರೆದಿದ್ದೆ.

“ಅಲ್ಲಿ ಅವರು ಕಾಲನ್ನ ಏನ್ ಮಾಡಿದ್ರು?”

“ಹೂತಿದ್ರು. ಒಬ್ರು ಕೊಯ್ದಿದ್ರು.”

“ಅವರಿಗೆ ಬೇಡದ್ದನ್ನ ವೆಲ್ಡ್ ಮಾಡಿ ಕೊಡ್ತಾ ಇದ್ದೀವಿ. ಬೇಕಾದ್ದನ್ನ ಮೊಟಕು ಮಾಡ್ತಾ ಇದ್ದೀವಿ.” ಉಸಿರು ತೆಗೆದುಕೊಂಡು ಮುಂದುವರಿಸಿದರು. “ಕಾಲಿಗೆ ಬೋಲ್ಟು ಹಾಕು. ಬಾಯಿಗೆ ವೆಲ್ಡು. ಕಾಲಿಲ್ದೆ ಬಾಯಿ ಮೇಲಕ್ಕೆ ಮಾಡಿ ನಿಲ್ಸಿದ್ರೆ ಬಸ್ಸಲ್ಲಿ ಒಂದು ಮೂಟೆ ಜಾಗ ಸಾಕು. ಒಂಬೈನೂರು ಇರಲಿ, ಹೆಚ್ಚೇ ಇರಲಿ.”

ಅದು ಇಷ್ಟು ದಿನ ನಮ್ಮಿಬ್ಬರಿಗೂ ಕಂಡಿರಲಿಲ್ಲ. ಗಟ್ಟಿಯಾಗಿ ಓದಿದಾಗ ಕಂಡಿತು.

ಬದಲಾಯಿಸಿ ತರುತ್ತೇನೆ, ನೀವು ಸೈನ್ ಹಾಕಿ ಎಂದೆ. ಅವರು ತಲೆಯಾಡಿಸಿದರು, ಇಲ್ಲ ಎಂದು. “ಕಣ್ಣಲ್ಲಿ ನೋಡದೆ ಚೆಕ್ ಅಂತ ಯಾವತ್ತೂ ಹಾಕಿಲ್ಲ. ಈಗ ಹಾಕಲಾ?”

“ಮತ್ತೆ ಯಾರು ಹಾಕ್ತಾರೆ ಮೇಡಂ? ಬರೆದಿದ್ದು ನಾನು.”

“ಹೇಳಿದ್ದು ನಾನು. ಗೆರೆ ಎಳೆಯೋದು ನಿನ್ನ ಕೈ ಅಷ್ಟೇ. ಬರೆದವರು ಅನ್ನೋ ಕಡೆ ನನ್ನ ಹೆಸರು ಹಾಕು. ಚೆಕ್ ನೀನು ಮಾಡು. ನನ್ನದು ಅಂತ ದಾಕ್ಷಿಣ್ಯ ಬೇಡ.”

ಹಾಗೆ, ಎಷ್ಟೋ ವರ್ಷಗಳ ನಂತರ, ಅವರ ಹೆಸರಿನ ಮೊದಲಕ್ಷರಗಳು ಬರೆದವರ ಚೌಕಕ್ಕೆ ವಾಪಸು ಹೋದವು. ನಾನು ಹೊಸ ಹಾಳೆಯ ಪ್ರಿಂಟ್ ತೆಗೆದು, ಅದನ್ನು ಯಾರೋ ಬೇರೆಯವರು ಬರೆದದ್ದು ಎಂದುಕೊಂಡು, ಹಳದಿ ಪೆನ್ಸಿಲು ಹಿಡಿದು ಕೂತೆ. ಎರಡು ದಿನ ಹಿಡಿಯಿತು. ಕಾಲಿನ ಬೋಲ್ಟಿನ ಹತ್ತಿರ ಬಂದಾಗ ಕೆಂಪು ಪೆನ್ನು ತೆಗೆಯಬೇಕಾಯಿತು. ಅವರಿಗೆ ಫೋನ್ ಮಾಡಿದೆ.

“ಮೇಡಂ, ಒಂದು ಕೆಂಪು ಬಂದಿದೆ.”

“ಎಲ್ಲಿ?”

“ಕಾಲಿನ ಬೋಲ್ಟಿಗೆ ಸ್ಪ್ಯಾನರ್ ತಿರುಗೋಕೆ ಜಾಗ ಇಲ್ಲ. ಬಾಡಿ ತಗುಲುತ್ತೆ.”

ಅವರು ನಕ್ಕರು. ನಗು ಕೆಮ್ಮಿಗೆ ತಿರುಗಿತು. “ನನ್ನ ಡ್ರಾಯಿಂಗಿಗೂ ಕೆಂಪು ಹಾಕೋರು ಹುಟ್ಟಿದ್ರಲ್ಲ. ಸರಿ ಮಾಡು, ಸರಿ ಮಾಡು” ಎಂದರು. ನಾನು ಅವರ ದನಿ ಕೇಳಿದ್ದು ಅದೇ ಕೊನೆ.

ಯಜಮಾನರಿಗೆ ಬಸ್ಸಿನ ಅನುಮಾನ ಉಳಿದಿತ್ತು. ಮೇಸ್ತ್ರಿ ರಟ್ಟಿನಲ್ಲಿ ಅದೇ ಅಳತೆಯ ಯಂತ್ರ ಮಾಡಿ, ಒಳಗೆ ಒಂದಿಷ್ಟು ಕಬ್ಬಿಣ ಇಟ್ಟು, ಹೊಸೂರು ಬಸ್ ಸ್ಟ್ಯಾಂಡಿಗೆ ಹೊತ್ತುಕೊಂಡು ಹೋದರು. ನಾನೂ ಜೊತೆಗಿದ್ದೆ. ಅಂಚೆಟ್ಟಿ ಬಸ್ಸಿನ ಕಂಡಕ್ಟರು ರಟ್ಟಿನ ಯಂತ್ರವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಇದುಕ್ಕು ಅರೈ ಟಿಕೆಟ್ಟಾ, ಮುಳು ಟಿಕೆಟ್ಟಾ?” ಎಂದರು, ಅರ್ಧ ಟಿಕೆಟ್ಟೋ ಪೂರ್ತಿಯೋ ಎಂದು. ಕೊನೆಯ ಸೀಟಿನ ಪಕ್ಕ ನಿಲ್ಲಿಸಿದೆವು. ನಿಂತಿತು. ಕಂಡಕ್ಟರು ಅದರ ಬಾಯಿಯೊಳಗೆ ಇಣುಕಿ ನೋಡಿ, ಇನ್ನೂ ಇಬ್ಬರು ಹತ್ತಬಹುದು ಎಂದರು. ಆ ದಿನ ಸಂಜೆ ಯಜಮಾನರು ಮೂರನೆಯ ಚೌಕದಲ್ಲಿ ಸೈನ್ ಹಾಕಿದರು.

ಡೈ ತಯಾರಾಗುತ್ತಿದ್ದಾಗ ಮೇಡಂ ತೀರಿಕೊಂಡರು. ಬೆಳಗ್ಗೆ ಸುದ್ದಿ ಬಂತು. ಶೆಡ್ಡಿನವರು, ಆಫೀಸಿನವರು ಎಲ್ಲ ಯೂನಿಫಾರ್ಮಿನಲ್ಲೇ ಹೋದೆವು. ಬೀದಿ ಕಿರಿದು, ಎಲ್ಲರೂ ಒಳಗೆ ಹೋಗಲಾಗಲಿಲ್ಲ. ಮೇಸ್ತ್ರಿ ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದರು. ಮಾರನೆಯ ದಿನ ಮೇಡಂ ಮೇಜಿನ ಮೇಲೆ ನಾಲ್ಕು ಡ್ರಾಯಿಂಗು ಬಂದು ಕೂತಿದ್ದವು. ಅವನ್ನು ನನ್ನ ಮೇಜಿಗೆ ತಂದುಕೊಂಡೆ.

ಡೈಯಿಂದ ಬಂದ ಮೊದಲ ಯಂತ್ರವನ್ನು ಪರೀಕ್ಷೆಗೆಂದು ಅದೇ ಅಕ್ಕನ ಮನೆಗೆ ಒಯ್ದೆವು, ನಾನು ಮತ್ತು ಮೇಸ್ತ್ರಿ. ಇದು ಹೋದ ತಿಂಗಳ ಮಾತು. ಅಲ್ಲಿ ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಅಕ್ಕ ಕಾಲುಗಳನ್ನು ಹಾಕಲು ಬಿಡಲಿಲ್ಲ. ಯಂತ್ರವನ್ನು ಇಟ್ಟಿಗೆಗಳ ಮೇಲೆ ಕೂರಿಸಿ, ತಾವು ಅದೇ ಚಪ್ಪಡಿಯ ಮೇಲೆ ಕೂತರು. ಸ್ವಿಚ್ಚು ಮನೆಯ ಗೋಡೆಯಲ್ಲಿತ್ತು, ಹಿತ್ತಲಿನ ಆಚೆ ತುದಿಯಲ್ಲಿ. ಬಾಯೊಳಗೆ ಕೈ ಹಾಕಬಾರದು ಎಂದು ನಾನು ಎರಡು ಸಲ ಹೇಳಿದೆ. ಅವರು ಹೂಂ ಎಂದರು. ಮೇಸ್ತ್ರಿ ಹಿಂಬದಿಯಲ್ಲಿ ಕೂತು ಬೆಲ್ಟು ನೋಡುತ್ತಿದ್ದರು. ನಾನು ಪರೀಕ್ಷೆಯ ಹಾಳೆ ಹಿಡಿದು ಬರೆದುಕೊಳ್ಳುತ್ತಿದ್ದೆ. ಮೊದಲು ರಾಗಿ ಹುಲ್ಲು ಹಾಕಿದರು, ಸಲೀಸಾಗಿ ಹೋಯಿತು. ಆಮೇಲೆ ಹಸಿ ಜೋಳದ ಕಡ್ಡಿ. ಅದು ಅಡ್ಡ ಸಿಕ್ಕಿಕೊಂಡಿತು. ಮೋಟಾರಿನ ಸದ್ದು ದಪ್ಪವಾಯಿತು.

ನಾನು ತಲೆ ಎತ್ತಿದಾಗ ಅಕ್ಕನ ತೋಳು ಕಾಣಲಿಲ್ಲ. ಭುಜದವರೆಗೆ ಒಳಗಿತ್ತು. ಕೆನ್ನೆ ತಗಡಿಗೆ ಒತ್ತಿಕೊಂಡಿತ್ತು. ಕಣ್ಣು ಅರೆಮುಚ್ಚಿ, ಕತ್ತಲಲ್ಲಿ ಏನನ್ನೋ ಹುಡುಕುವವರಂತೆ, ಇನ್ನೂ ಮುಂದಕ್ಕೆ ತಳ್ಳುತ್ತಿದ್ದರು. ಯಂತ್ರ ಓಡುತ್ತಿತ್ತು. ಕೂಗಿದೆನೋ ಇಲ್ಲವೋ ನನಗೆ ತಿಳಿಯದು. ಕೂಗಲಿಲ್ಲ ಎಂದು ಆಮೇಲೆ ಮೇಸ್ತ್ರಿ ಹೇಳಿದರು. ಸ್ವಿಚ್ಚಿನ ಕಡೆಗೆ ಓಡಿದೆ. ಆರಿಸಿದೆ. ಆರಿಸಿದ ಮೇಲೂ ಬ್ಲೇಡಿನ ಚಕ್ರ ಸ್ವಲ್ಪ ಹೊತ್ತು ತಿರುಗುತ್ತದೆ. ಆ ಹೊತ್ತಿನಲ್ಲಿ ನಾನು ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದೆ. ತಿರುಗಲು ಆಗಲಿಲ್ಲ. ಸದ್ದು ಪೂರ್ತಿ ನಿಂತ ಮೇಲೆ ತಿರುಗಿದೆ.

ಅಕ್ಕ ಇನ್ನೂ ಹಾಗೇ ಕೂತಿದ್ದರು, ಕೆನ್ನೆ ತಗಡಿಗೆ ಒತ್ತಿ.

“ಅಕ್ಕಾ, ಕೈ ತೆಗೀರಿ.”

ತೆಗೆದರು. ಮೊಣಕೈ ಬಂತು, ಹಸಿರು ಬಳೆ ಬಂತು, ಅಂಗೈ ಬಂತು, ಬೆರಳು ಬಂದವು. ನಾನು ಆ ಕೈಯನ್ನು ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದೆ. ಜೋಳದ ಎಲೆ ಗೀರಿದ ಒಂದು ಬಿಳಿ ಗೆರೆ ಬಿಟ್ಟರೆ ಏನೂ ಇರಲಿಲ್ಲ. ಕೈ ಬೆಚ್ಚಗಿತ್ತು. ಮೇಸ್ತ್ರಿ ಎದ್ದು ಬಂದು, ಬಾಯೊಳಗೆ ಟೇಪು ತೂರಿಸಿ, ಅಕ್ಕನ ತೋಳಿನ ಅಳತೆ ಕಳೆದು, ಬೆರಳಿಗೂ ರೋಲರಿಗೂ ಇದ್ದ ದೂರ ಲೆಕ್ಕ ಹಾಕಿ, ಟೇಪನ್ನು ಹಾಗೇ ಹಿಡಿದು ನನಗೆ ತೋರಿಸಿದರು.

“ಯಾಕಮ್ಮಿ, ಇಂಗ್ ಇಡ್ಕಂಡಿದ್ದೀಯ? ಏನಾಗೈತೆ ಈಗ?” ಎಂದರು ಅಕ್ಕ. ಕೈ ಬಿಡಿಸಿಕೊಂಡು ಸೀರೆಗೆ ಒರೆಸಿಕೊಂಡರು. ಯಂತ್ರದ ಕಡೆ ನೋಡಿ ಮುಖ ಗಂಟು ಹಾಕಿದರು. “ಚೆನ್ನಾಗಿ ಕತ್ರಿಸ್ತದೆ, ಇಲ್ಲ ಅನ್ನಲ್ಲ. ಆದ್ರೆ ಬಾಯಿ ಬೋ ಉದ್ದ ಮಾಡ್ಬುಟ್ಟಿದ್ದೀರ ಕಣಮ್ಮ. ಎಷ್ಟ್ ತಳ್ಳಿದ್ರೂ ಕೈಗೇ ಎಟುಕ್ವಲ್ದು. ಯಾರ್ ಬರ್ದಿದ್ದು ಇದುನ್ನ?”

ಬರೆದವರು ಈಗಿಲ್ಲ ಎಂದು ಮೇಸ್ತ್ರಿ ಹೇಳಿದರು. ಅಕ್ಕ ಅಯ್ಯೋ ಎಂದರು. ಮೇಸ್ತ್ರಿ ಬೇಲಿಯಿಂದ ಒಂದು ಉದ್ದನೆಯ ಕೋಲು ಮುರಿದು ತಂದು ಅವರ ಕೈಗೆ ಕೊಟ್ಟರು. ಅವರು ಅದರಿಂದ ಕಡ್ಡಿಯನ್ನು ತಳ್ಳಿ ಬಿಡಿಸಿ, ಸ್ವಿಚ್ಚು ಹಾಕಲು ಹೇಳಿದರು.

ನಾನು ಕೆಳಗೆ ಬಿದ್ದಿದ್ದ ಪರೀಕ್ಷೆಯ ಹಾಳೆಯನ್ನು ಎತ್ತಿಕೊಂಡೆ. ಅದರಲ್ಲಿ ಬಳಸುವವರ ದೂರು ಎಂದು ಒಂದು ಜಾಗ ಇರುತ್ತದೆ. ಅಲ್ಲಿ ಅಕ್ಕ ಹೇಳಿದ್ದನ್ನು ಹೇಳಿದಂತೆಯೇ ಬರೆದೆ: ಎಷ್ಟು ತಳ್ಳಿದರೂ ಕೈಗೆ ಎಟುಕುವುದಿಲ್ಲ.